ತುಮಾನ್-ಚೋಕುವಿನ ಕೆಂಪು ಕಂಬಗಳು

ಆಗಸ್ಟ್ ಇಪ್ಪತ್ತೆಂಟರ ಬೆಳಿಗ್ಗೆ ಉಚ್-ಬುಲಾಕ್ ಠಾಣೆಗೆ ಬಂದ ದೂರನ್ನು ಯಾವ ಕಲಮಿನಡಿ ಬರೆದುಕೊಳ್ಳಬೇಕೆಂದು ಇನ್ಸ್‌ಪೆಕ್ಟರ್ ಕಾಸಿಮಾಲಿಗೆ ತಿಳಿಯಲಿಲ್ಲ. ದೂರುದಾರಳು ಸೊನುನ್, ಕುರಿಗಾಹಿ ತಾಷ್ತಾನನ ಹೆಂಡತಿ. ತಾಷ್ತಾನನನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಕಪ್ಪು ತಲೆವಸ್ತ್ರ ಕಟ್ಟಿಕೊಂಡು ಬಂದವಳು ಕುರ್ಚಿಯಲ್ಲಿ ಕೂರಲಿಲ್ಲ. ಗೋಡೆಗೆ ಒರಗಿ ನಿಂತೇ ಹೇಳಿದಳು.

"ಮೇಲಿನ ದಾರಿ ಕಂಬಗಳನ್ನ ಯಾರೋ ಕಿತ್ತು ಬೇರೆ ಕಡೆ ನೆಟ್ಟಿದಾರೆ. ಬರ್ಕೊಳ್ಳಿ."

"ಯಾರು?"

"ಅದು ಗೊತ್ತಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

ಅವಳ ಹೇಳಿಕೆ ಹೀಗಿತ್ತು. ಇಪ್ಪತ್ತೈದನೇ ತಾರೀಕು ಅವಳೂ ಗಂಡನೂ ತುಮಾನ್-ಚೋಕು ಶಿಖರದಾಚೆಯ ಬೇಸಗೆಯ ಹುಲ್ಲುಗಾವಲಿನಿಂದ ಅರ್ಧ ಮಂದೆಯನ್ನು ಹೊಡೆದುಕೊಂಡು ಊರಿನ ಕಡೆ ಇಳಿಯುತ್ತಿದ್ದರು. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಇಳಿಯುವವರು. ಈ ಸಲ ಪಡುವಣ ಕಡೆಯಲ್ಲಿ ಹಿಮ ಬೇಗ ಬಿದ್ದು ಹುಲ್ಲು ಮುಚ್ಚಿಹೋಯಿತು. ತುಮಾನ್-ಚೋಕುವಿನ ಹೆಗಲ ಮೇಲೆ ಬಂದಾಗ ಮಧ್ಯಾಹ್ನ. ಕುದುರೆಯ ಕಿವಿ ಕಾಣದಷ್ಟು ಮಂಜು. ಅಂಥ ಮಂಜಿನಲ್ಲಿ ನಡೆಯಲೆಂದೇ ಪಂಚಾಯಿತಿಯವರು ಅಲ್ಲಿ ಕಬ್ಬಿಣದ ಕೊಳವೆಗಳನ್ನು ನೆಟ್ಟು ತುದಿಗೆ ಕೆಂಪು ಬಳಿಸಿದ್ದಾರೆ. ಒಂದು ಕಂಬದ ಹತ್ತಿರ ನಿಂತರೆ ಮುಂದಿನ ಕಂಬ ಮಸುಕಾಗಿ ಕಾಣುತ್ತದೆ. ತಾಷ್ತಾನ್ ಮುಂದೆ, ಸೊನುನ್ ಮಂದೆಯ ಹಿಂದೆ. ಗಂಡ ಕಂಬದಿಂದ ಕಂಬಕ್ಕೆ ಹೋಗುತ್ತಲೇ ಇದ್ದ. ಆಮೇಲೆ ಕುದುರೆಯೂ ಇಲ್ಲ, ಅವನೂ ಇಲ್ಲ. ಕುರಿಗಳು ಮಾತ್ರ ಒಂದೆಡೆ ಗುಂಪುಗಟ್ಟಿ ನಿಂತಿದ್ದವು. ಅವುಗಳ ಮುಂದೆ ಹಿಮದಲ್ಲಿ ಒಂದು ಬಿರುಕು ಬಾಯಿ ತೆರೆದಿತ್ತು.

"ಮಂಜಲ್ಲಿ ದಾರಿ ತಪ್ಪಿರಬಹುದಲ್ಲ ತಂಗಿ?"

"ಅವನು ತೊಟ್ಟಿಲಲ್ಲಿ ಇದ್ದಾಗಿಂದ ಆ ದಾರೀಲಿ ಓಡಾಡಿದಾನೆ. ದಾರಿ ಬಂಡೆ ಮೇಲೆ ಹೋಗುತ್ತೆ, ಹಿಮದ ಮೇಲಲ್ಲ. ಕಂಬ ಕರ್ಕೊಂಡು ಹೋದ ಕಡೆ ಹೋದ." ಅವಳು ತಲೆವಸ್ತ್ರದ ಗಂಟನ್ನು ಬಿಗಿದುಕೊಂಡು ಹೇಳಿದಳು: "ಇನ್ನೆರಡು ದಿನ ಕಾಯೋಣ ಅಂದಿದ್ದ. ಇವತ್ತೇ ಹೊರಡು ಅಂದೋಳು ನಾನು."

ಕಾಸಿಮಾಲಿ ಎಫ್‌ಐಆರ್ ಬರೆದ. ಕಲಮಿನ ಜಾಗವನ್ನು ಖಾಲಿ ಬಿಟ್ಟ.

ಅವನು ಬೀನ್ಸ್ ಬೆಳೆಯುವ ತಲಾಸ್ ಬಯಲಿನವನು. ಈ ಠಾಣೆಗೆ ವರ್ಗವಾಗಿ ಬಂದು ಎರಡು ಚಳಿಗಾಲ ಕಳೆದಿದ್ದರೂ ಬೆಟ್ಟದ ಲೆಕ್ಕ ಅವನ ತಲೆಗೆ ಹತ್ತಿರಲಿಲ್ಲ. ಹೇಳಿಕೆ ಪಡೆಯಲು ಹೊರಟಾಗ ಕಾನ್‌ಸ್ಟೆಬಲ್ ಬುರುಲ್ ಜೊತೆಗಿದ್ದಳು. ಅವಳು ಇದೇ ಕಣಿವೆಯಲ್ಲಿ ಹುಟ್ಟಿದವಳು, ಜೀಪು ಓಡಿಸುವುದೂ ಅವಳೇ.

ಮೊದಲು ಸಿಕ್ಕವಳು ಊರಾಚೆ ಹುಲ್ಲು ಒಣಗಿಸುತ್ತಿದ್ದ ಮುದುಕಿ. ಇಪ್ಪತ್ತೈದರಂದು ದಿನವಿಡೀ ಬಿಸಿಲು, ಆಕಾಶದಲ್ಲಿ ಒಂದು ಮೋಡದ ಚೂರೂ ಇರಲಿಲ್ಲ, ಬೇಕಾದರೆ ಹುಲ್ಲು ಮುಟ್ಟಿ ನೋಡಿ ಎಂದಳು. ಆಚೆಯ ಹುಲ್ಲುಗಾವಲಿನಲ್ಲಿ ಇನ್ನೂ ನಾಲ್ಕು ಕುಟುಂಬಗಳು ಉಳಿದಿದ್ದವು. ಅವರ ಹಿರಿಯ ಒರೊಜಾಲಿಯನ್ನು ವೈರ್‌ಲೆಸ್‌ನಲ್ಲಿ ಕೇಳಿದರೆ, ಅವತ್ತು ಬೆಳಗಿನಿಂದ ಗುಡುಗು, ಹಿಮ, ಗುಡಾರದ ಬಾಗಿಲು ತೆರೆಯಲಾಗಲಿಲ್ಲ ಎಂದ. ಸೊನುನ್ ಹೇಳಿದ್ದು ಮಂಜು. ಮಂಜಿನಲ್ಲಿ ಗಾಳಿಯಾಗಲಿ ಹಿಮವಾಗಲಿ ಇರಲಿಲ್ಲ ಎಂದು ಅವಳು ಖಚಿತವಾಗಿ ಹೇಳಿದ್ದಳು.

ಒಂದೇ ಬೆಟ್ಟ, ಒಂದೇ ಮಧ್ಯಾಹ್ನ. ಮೂವರಲ್ಲಿ ಇಬ್ಬರಾದರೂ ಸುಳ್ಳು ಹೇಳುತ್ತಿರಬೇಕು ಎಂದು ಕಾಸಿಮಾಲಿಗೆ ಅನ್ನಿಸಿತು. ಅವನ ಅನುಮಾನ ಹೋದದ್ದು ವಿಧವೆಯ ಮೇಲೆ. ಹೊರಡುವ ಮುಂಚೆ ಗಂಡಹೆಂಡಿರ ನಡುವೆ ಜಗಳವಾಗಿತ್ತು ಎಂದು ತಾಷ್ತಾನನ ಮನೆಯವರೇ ಪಿಸುಗುಟ್ಟಿದ್ದರು.

ಅದನ್ನು ಹೇಳಿದರೆ ಬುರುಲ್ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕಳು. "ಬಾಯ್ಕೆ, ನಿಮ್ಮ ಕಾಳಿನ ಊರಲ್ಲಿ ಎಲ್ಲರಿಗೂ ಒಂದೇ ಆಕಾಶ ಇರಬಹುದು. ಇಲ್ಲಿ ಮನೆಗೊಂದು." ಆ ಕಡೆ ಅಣ್ಣನ ವಯಸ್ಸಿನವರನ್ನೂ ಮೇಲಧಿಕಾರಿಯನ್ನೂ ಬಾಯ್ಕೆ ಎಂದೇ ಕರೆಯುವುದು. ಅದರಲ್ಲಿ ಗೌರವವೂ ಇರುತ್ತದೆ, ಕೀಟಲೆಯೂ ಇರುತ್ತದೆ.

"ಹಾಗಾದ್ರೆ ಮೂವರೂ ನಿಜ ಹೇಳ್ತಿದಾರಾ?"

"ಹೋಗಿ ನೋಡೋಣ."

ದಾರಿ ತೋರಿಸಲು ಮಾಮಿತನನ್ನು ಕರೆದುಕೊಂಡರು. ನಲವತ್ತು ದಾಟಿದ, ಮೆಲುಮಾತಿನ ಮನುಷ್ಯ. ವಯಸ್ಸಾದ ತಾಯಿ ಕಲಿಪಾಳ ಜೊತೆ ಊರ ಕೊನೆಯ ಮನೆಯಲ್ಲಿ ಇದ್ದ. ಊರವರು ಅವಳನ್ನು ಅಮ್ಮ ಎಂಬರ್ಥದಲ್ಲಿ ಕಲಿಪಾ ಅಪಾ ಎನ್ನುತ್ತಿದ್ದರು. ಅಣ್ಣ ಜುಮಾಶ್ ರಷ್ಯಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ಒಂಬತ್ತು ವರ್ಷವಾಗಿತ್ತು. ಆ ಊರಿನಲ್ಲಿ ರಷ್ಯಾಕ್ಕೆ ಹೋದವನಿಲ್ಲದ ಮನೆಯೇ ಇರಲಿಲ್ಲವಾದ್ದರಿಂದ ಯಾರೂ ಅದನ್ನು ವಿಶೇಷವೆಂದುಕೊಂಡಿರಲಿಲ್ಲ. ಬೇಸಗೆಯ ಮೊದಲಲ್ಲಿ ಮೇಲೆ ಹತ್ತಿ ವಾಲಿದ ಕಂಬಗಳನ್ನು ನೆಟ್ಟಗೆ ಮಾಡಿ ಬಣ್ಣ ಬಳಿಯುವ ಪಂಚಾಯಿತಿ ಕೆಲಸ ಮಾಮಿತನದು. ತಾಷ್ತಾನ್ ಬಿದ್ದ ಸುದ್ದಿ ಬಂದಾಗ ಹಗ್ಗ ಕಟ್ಟಿಕೊಂಡು ಬಿರುಕಿಗೆ ಇಳಿದು ಹೆಣ ಎತ್ತಿದವನೂ ಅವನೇ. ಎತ್ತಿದ ಮೇಲೆ ಹಿಮದ ಮೇಲೆ ಕೂತು ಮಕ್ಕಳಂತೆ ಅತ್ತನಂತೆ.

ಕಂಬಗಳು ಜಾಗ ಬದಲಿಸಿದ್ದು ಹೇಗೆ ಎಂದು ಕಾಸಿಮಾಲಿ ಅವನನ್ನು ಹೊರಡುವ ಮುಂಚೆಯೇ ಕೇಳಿದ.

"ಹಿಮ ನಡೆಯುತ್ತೆ ಬಾಯ್ಕೆ," ಎಂದ ಮಾಮಿತ್. "ನಮ್ಮ ಕಣ್ಣಿಗೆ ಕಾಣಲ್ಲ ಅಷ್ಟೆ. ತನ್ನ ಬೆನ್ನ ಮೇಲಿರೋ ಕಂಬಾನೂ ನಡೆಸ್ಕೊಂಡು ಹೋಗುತ್ತೆ."

ಅದು ಸುಳ್ಳೇನಲ್ಲ. ಕಾಸಿಮಾಲಿಯ ಹತ್ತಿರ ಇದ್ದ ಹಳೆಯ ನಕ್ಷೆಯಲ್ಲಿ ಹಿಮದ ನಾಲಿಗೆ ಕಣಿವೆಯೊಳಗೆ ಬಹಳ ಕೆಳಗಿನವರೆಗೂ ಚಾಚಿಕೊಂಡಿತ್ತು. ಅವರು ಸಂಜೆಗೆ ಬಿಡಾರ ಹೂಡಿದ್ದು ನಕ್ಷೆಯ ಪ್ರಕಾರ ಹಿಮದ ನಟ್ಟನಡುವೆ. ಎದುರಿಗಿದ್ದದ್ದು ಬೂದುಬಣ್ಣದ ಒಂದು ಕೆರೆ. ನಕ್ಷೆಯನ್ನು ತಿರುಗಿಸಿ ನೋಡಿದ, ಕೆರೆಯನ್ನು ನೋಡಿದ, ಮತ್ತೆ ನಕ್ಷೆ ಮಡಿಸಿ ಜೇಬಿಗಿಟ್ಟ. ಬೆಟ್ಟವೇ ತನ್ನ ಗುರುತು ಬದಲಿಸುತ್ತಿದ್ದರೆ ಅದರ ಮೇಲೆ ಎಫ್‌ಐಆರ್ ಹಾಕುವುದು ಹೇಗೆ?

ಮರುದಿನ ಬೆಳಿಗ್ಗೆ ಹೆಗಲಿಗೆ ಹತ್ತಿದರು. ತುಮಾನ್-ಚೋಕು ಅಲ್ಲಿಂದ ಒಂದೇ ಏಟಿಗೆ ಮೇಲೇಳುತ್ತದೆ. ಪಡುವಣಕ್ಕೆ ಹಿಮದ ಇಳಿಜಾರು, ಮೂಡಣಕ್ಕೆ ಕಪ್ಪು ಬಂಡೆಯ ಗೋಡೆ. ಗೋಡೆಯ ಬುಡದಲ್ಲಿ ಉದ್ದಕ್ಕೆ ಬಂಡೆಯ ಒಂದು ದಿಣ್ಣೆ, ಅದಕ್ಕೆ ಅಂಟಿಕೊಂಡಂತೆ ಹಿಮನದಿ. ಅಲ್ಲಿ ಉಸಿರೇ ಸಾಲದು. ಕುದುರೆಗಳು ಹತ್ತು ಹೆಜ್ಜೆಗೊಮ್ಮೆ ನಿಂತವು, ಕಾಸಿಮಾಲಿ ಅವಕ್ಕಿಂತ ಬೇಗ ನಿಂತ. ಮಧ್ಯಾಹ್ನದ ಹೊತ್ತಿಗೆ ಅವನು ನೋಡಬೇಕಾದದ್ದು ನೋಡಿದ. ಪಡುವಣದಿಂದ ಮೋಡ ಬಂದು ಶಿಖರಕ್ಕೆ ತಡೆದು ರಾಶಿಯಾಯಿತು. ಆಮೇಲೆ ಹಾಲು ಉಕ್ಕಿದ ಹಾಗೆ ಹೆಗಲ ಮೇಲಿಂದ ಈಚೆ ಚೆಲ್ಲಿತು. ಚೆಲ್ಲಿದ್ದು ಸ್ವಲ್ಪ ಕೆಳಗಿಳಿಯುವಷ್ಟರಲ್ಲಿ ಒಣಗಾಳಿಗೆ ಸಿಕ್ಕಿ ಇಲ್ಲವಾಯಿತು. ಆಚೆ ಗುಡುಗುತ್ತಿತ್ತು. ಕೆಳಗೆ ಊರಿನ ಹೊಲಗಳು ಬಿಸಿಲಲ್ಲಿ ಹೊಳೆಯುತ್ತಿದ್ದವು. ಅವನು ನಿಂತ ಕಡೆ ತನ್ನ ಕೈಗವಸೇ ಮಸುಕಾಗಿತ್ತು.

"ಮೂವರೂ ನಿಜಾನೇ," ಎಂದ.

ಬುರುಲ್ ಮಂಜಿನೊಳಗಿನಿಂದ, "ನಾನೇನೂ ಹೇಳಲ್ಲ," ಎಂದಳು.

ಅಲ್ಲಿಗೆ ಸೊನುನ್ ಮೇಲಿನ ಅನುಮಾನ ಬಿತ್ತು. ಆದರೆ ಅದರ ಜಾಗಕ್ಕೆ ಬೇರೆ ಯಾವುದೂ ಬರಲಿಲ್ಲ. ಮಂಜು ಸರಿದಾಗ ಕಂಬಗಳನ್ನು ಒಂದೊಂದಾಗಿ ನೋಡಿ ಜಾಗದ ಗುರುತು ಬರೆದುಕೊಂಡರು. ಸಾಲು ದಿಣ್ಣೆಯನ್ನು ಬಿಟ್ಟು ಬಿಲ್ಲಿನ ಹಾಗೆ ಬಾಗಿ ಹಿಮನದಿಯ ನಡುವಿಗೆ ಹೋಗಿ, ಆಚೆ ಮತ್ತೆ ಬಂಡೆಗೆ ಸೇರುತ್ತಿತ್ತು. ಮಾಮಿತ್ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟ. ಹೌದು, ಮೊದಲು ದಿಣ್ಣೆಯ ಪಕ್ಕಕ್ಕೇ ಇದ್ದವು. ಹೌದು, ಈ ವರ್ಷ ಕರಗಿದಷ್ಟು ಯಾವ ವರ್ಷವೂ ಕರಗಿಲ್ಲ. ಬೇಸಗೆಯ ಮೊದಲಲ್ಲಿ ಬಂದಾಗ ತನಗೂ ಸ್ವಲ್ಪ ಸರಿದ ಹಾಗೆ ಕಂಡಿತ್ತು, ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ, ಅದು ತನ್ನ ತಪ್ಪು.

ತಪ್ಪನ್ನು ಅಷ್ಟು ಬೇಗ ಒಪ್ಪಿಕೊಳ್ಳುವ ಸಾಕ್ಷಿಯನ್ನು ಏನು ಮಾಡಬೇಕೆಂದು ಕಾಸಿಮಾಲಿಗೆ ತೋಚಲಿಲ್ಲ.

ರಾತ್ರಿಗೆ ಮುಂಚೆ ಬಿಡಾರದಲ್ಲಿ ನಾನ್ ರೊಟ್ಟಿಯನ್ನು ಹಾಲುಚಹಾದಲ್ಲಿ ಅದ್ದಿ ತಿನ್ನುತ್ತ ಅವನು ಒಂದು ಚಮಚವನ್ನು ಇಳಿಜಾರಾಗಿ ಹಿಡಿದು ಅದರ ಮೇಲೆ ಜೇನು ಸುರಿದ. ಜೇನು ಕೆಳಗೆ ಹರಿಯಿತು.

"ಹಿಮ ನಡೆಯೋದು ಇಳಿಜಾರಿಗೆ ತಾನೇ?" ಎಂದು ಕೇಳಿದ.

"ಮತ್ತಿನ್ನೆಲ್ಲಿಗೆ?" ಎಂದಳು ಬುರುಲ್.

"ಕಂಬಗಳು ಅಡ್ಡಕ್ಕೆ ಹೋಗಿವೆ. ಎರಡು ಕಂಬ ಮೊದಲಿಗಿಂತ ಮೇಲಕ್ಕೂ ಹೋಗಿರೋ ಹಾಗಿದೆ."

ಬುರುಲ್ ತಿನ್ನುವುದನ್ನು ನಿಲ್ಲಿಸಿದಳು. ಮಾಮಿತ್ ದೂರದಲ್ಲಿ ಕುದುರೆಗಳ ಕಾಲು ಕಟ್ಟುತ್ತಿದ್ದ. ಅವನಿಗೆ ಕೇಳಿಸಲಿಲ್ಲ.

ಮೂವತ್ತನೇ ತಾರೀಕು ಬೆಳಿಗ್ಗೆ ಕಾಸಿಮಾಲಿ ದಿಣ್ಣೆಯ ಕೆಳತುದಿಯನ್ನು ಮಂಡಿಯೂರಿ ತಡಕಿದ. ಬಂಡೆಯಲ್ಲಿ ಕೊರೆದ ಒಂದು ಗುಂಡಿ ಸಿಕ್ಕಿತು. ಒಳಗೆಲ್ಲ ಸಣ್ಣ ಕಲ್ಲು ತುಂಬಿತ್ತು. ಕಲ್ಲುಗಳನ್ನು ತೆಗೆದು ಬೆರಳಿಟ್ಟರೆ ಬೆರಳಿಗೆ ತುಕ್ಕು ಹತ್ತಿತು. ಹಿಮ ನಡೆಯಬಹುದು, ಬಂಡೆ ನಡೆಯುವುದಿಲ್ಲ. ಬಂಡೆಯ ಗುಂಡಿಯಿಂದ ಕಂಬವನ್ನು ಕಿತ್ತು, ಗುಂಡಿ ಕಾಣದಂತೆ ಮುಚ್ಚಿದ್ದು ಮನುಷ್ಯನೇ. ಅಂದಮೇಲೆ ಇದು ಅಪರಾಧವೇ. ಆದರೆ ಯಾರಿಗೆ ಇದರಿಂದ ಏನು ಲಾಭ? ತಾಷ್ತಾನ್ ಅವತ್ತು ಬರುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ. ಅವನನ್ನು ಕೊಲ್ಲಲೆಂದು ಕಂಬ ಕಿತ್ತವರು ಆ ದಾರಿಯಲ್ಲಿ ಬರುವ ಎಲ್ಲರನ್ನೂ ಕೊಲ್ಲಲು ತಯಾರಿರಬೇಕು. ಅಂಥ ಹಗೆ ಆ ಊರಿನಲ್ಲಿ ಯಾರಿಗೂ ಯಾರ ಮೇಲೂ ಇರಲಿಲ್ಲ.

ದಿಣ್ಣೆಯ ಉದ್ದಕ್ಕೂ ಹೋಗಿ ಉಳಿದ ಗುಂಡಿಗಳನ್ನು ನೋಡಬೇಕೆಂದ. ಮಾಮಿತ್ ಅಡ್ಡ ಬಂದ.

"ಆ ಕಡೆ ಬೇಡ ಬಾಯ್ಕೆ. ಗೋಡೆಯಿಂದ ಕಲ್ಲು ಬೀಳ್ತವೆ."

ಅವನು ಹೇಳುತ್ತಿದ್ದಂತೆಯೇ ಮೇಲೆಲ್ಲೋ ಗುಡುಗುಡು ಸದ್ದಾಗಿ ಒಂದಿಷ್ಟು ಕಲ್ಲುಗಳು ದಿಣ್ಣೆಯ ಮೇಲೆ ಸಿಡಿದು ಬಿದ್ದವು.

"ಯಾವಾಗ ನಿಲ್ಲುತ್ತೆ?"

"ನಿಲ್ಲಲ್ಲ. ಮಧ್ಯಾಹ್ನದ ಮೇಲಂತೂ ತಲೆ ಎತ್ತೋಕಾಗಲ್ಲ. ನಿಮಗೇನಾದ್ರೂ ಆದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ?"

ಕಾಸಿಮಾಲಿ ವಾದಿಸಲಿಲ್ಲ. ಕೆರೆಯ ದಡಕ್ಕೆ ಇಳಿದು ಒಂದು ಕಲ್ಲಿನ ಮೇಲೆ ಕೂತು ಗೋಡೆಯನ್ನೇ ನೋಡಿದ. ಬೆಳಗಿನ ಬಿಸಿಲು ನೇರವಾಗಿ ಗೋಡೆಗೆ ಬೀಳುತ್ತಿತ್ತು. ಇರುಳೆಲ್ಲ ಕಲ್ಲುಗಳನ್ನು ಹಿಡಿದಿಟ್ಟ ಮಂಜುಗಡ್ಡೆ ಸಡಿಲವಾಗಿ ಅವು ಉದುರುತ್ತಿದ್ದವು. ಸೂರ್ಯ ನೆತ್ತಿಗೆ ಬಂದಂತೆ ಸದ್ದು ಕಡಿಮೆಯಾಯಿತು. ಸೂರ್ಯ ಶಿಖರದ ಹಿಂದಕ್ಕೆ ಸರಿದು ಗೋಡೆ ನೆರಳಿಗೆ ಬಿದ್ದ ಮೇಲೆ ಒಂದು ಹರಳೂ ಕದಲಲಿಲ್ಲ. ಹಿಂದಿನ ದಿನ ಮಧ್ಯಾಹ್ನವೂ ಹಾಗೇ ಇತ್ತು, ತಾನು ಗಮನಿಸಿರಲಿಲ್ಲ ಅಷ್ಟೆ ಎಂದು ನೆನಪಾಯಿತು.

ಬೆಟ್ಟದ ಬಗ್ಗೆ ಮಾಮಿತ್ ತಪ್ಪು ಹೇಳಿದ್ದ. ಆ ಬೆಟ್ಟದ ಮೇಲೆಯೇ ಬೆಳೆದವನಿಗೆ ಅದು ಗೊತ್ತಿರಲಿಲ್ಲ ಎಂದರೆ ನಂಬುವುದು ಹೇಗೆ? ಗೊತ್ತಿದ್ದೂ ಹೇಳಿದ್ದರೆ ಯಾಕೆ?

ಮಾಮಿತ್ ಸೌದೆಗೆಂದು ಒಣಗಿದ ಸಗಣಿ ಹುಡುಕಿಕೊಂಡು ಕೆರೆಯ ಆಚೆ ದಡಕ್ಕೆ ಹೋದಾಗ ಕಾಸಿಮಾಲಿ ಬುರುಲ್‌ಗೆ ಕಣ್ಣಿನಲ್ಲೇ ಸನ್ನೆ ಮಾಡಿದ. ಇಬ್ಬರೂ ನೆರಳಿನಲ್ಲಿ ದಿಣ್ಣೆ ಹತ್ತಿದರು. ಗುಂಡಿಗಳು ಒಂದಾದ ಮೇಲೊಂದು ಸಿಕ್ಕವು. ದಿಣ್ಣೆಯ ನಡುವೆ, ಬಂಡೆಗೂ ಹಿಮಕ್ಕೂ ಕೂಡುವ ಕಡೆ, ಯಾರೋ ಕಲ್ಲು ಒಟ್ಟಿದ್ದರು. ಹಿಮ ಕರಗಿ ರಾಶಿ ಒಂದು ಬದಿಗೆ ಜಾರಿತ್ತು. ಜಾರಿದ ಕಡೆ ಹಿಮದೊಳಗಿನಿಂದ ಒಂದು ಬೂಟು ಹೊರಬಂದಿತ್ತು. ಬೂಟಿನ ಮೇಲೆ ಪ್ಯಾಂಟಿನ ಅಂಚು. ಅದಕ್ಕಿಂತ ಮೇಲಿನದೆಲ್ಲ ಗಾಜಿನಂಥ ನೀಲಿ ಹಿಮದೊಳಗೆ ಮಸುಕಾಗಿ ಹೋಗಿತ್ತು.

ಕಾಸಿಮಾಲಿಗೆ ಒಂದು ಕ್ಷಣ ಯಾವ ಹೆಣ, ಯಾವ ಕೇಸು ಎಂದೇ ತಿಳಿಯಲಿಲ್ಲ. ತಾಷ್ತಾನನನ್ನು ಮಣ್ಣು ಮಾಡಿಯಾಗಿದೆ. ಕಾಣೆಯಾದವರ ದೂರು ಠಾಣೆಯಲ್ಲಿ ಒಂದೂ ಇಲ್ಲ.

ಬುರುಲ್ ಕಲ್ಲುಗಳ ಸಂದಿಯಿಂದ ಏನನ್ನೋ ಎಳೆದಳು. ಉಣ್ಣೆಯ ಕಾಲುಚೀಲ. ಮತ್ತೊಂದು ಜೊತೆ, ಮತ್ತೊಂದು. ಕೆಲವು ಬಣ್ಣ ಹೋಗಿ ಬೂದುಬಣ್ಣಕ್ಕೆ ತಿರುಗಿದ್ದವು, ಮೇಲಿನವು ಹೊಸದಾಗಿ ಹೆಣೆದಂತಿದ್ದವು. ಒಂದನ್ನೂ ಯಾರೂ ಹಾಕಿಕೊಂಡಿರಲಿಲ್ಲ. ಅವುಗಳ ನಡುವೆ ಬಟ್ಟೆಯ ಗಂಟಿನಲ್ಲಿ ಕಲ್ಲಿನಂತೆ ಒಣಗಿದ ಮೊಸರುಂಡೆಗಳು.

"ಇದೆಂಥ ಕಳ್ಳನ ಗಂಟು?" ಎಂದ ಕಾಸಿಮಾಲಿ.

ಬುರುಲ್ ಕಾಲುಚೀಲದ ಮೇಲಿನ ಟಗರುಕೊಂಬಿನ ಹೆಣಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕೂತು ತನ್ನ ಬೂಟು ಬಿಚ್ಚಿದಳು. ಅವಳ ಕಾಲಲ್ಲಿದ್ದದ್ದೂ ಅದೇ ಹೆಣಿಗೆ. ಎಡಗಡೆಯ ಕೊಂಬು ಬಲಗಡೆಯದಕ್ಕಿಂತ ಸ್ವಲ್ಪ ಚಿಕ್ಕದು.

"ಕಲಿಪಾ ಅಪಾ ಹೆಣೆದಿದ್ದು," ಎಂದಳು. "ಅವಳ ಕೈಯಲ್ಲಿ ಒಂದು ಕೊಂಬು ಯಾವಾಗ್ಲೂ ಚಿಕ್ಕದಾಗುತ್ತೆ. ಪ್ರತಿ ವರ್ಷ ರಷ್ಯಾಕ್ಕೆ ಕಳಿಸ್ತಾಳೆ. ಮಗನಿಗೆ."

ಕೆಳಗಿನಿಂದ ಯಾರೋ ಬರುವ ಸದ್ದಾಯಿತು. ಮಾಮಿತ್ ಬರಿಗೈಯಲ್ಲಿ ಹತ್ತಿ ಬರುತ್ತಿದ್ದ. ಕಾಸಿಮಾಲಿ ಸೊಂಟದ ಪಿಸ್ತೂಲಿಗೆ ಕೈಯಿಟ್ಟ. ಅದರ ಅಗತ್ಯ ಬೀಳಲಿಲ್ಲ. ಮಾಮಿತ್ ಅವರ ಕೈಯಲ್ಲಿದ್ದುದನ್ನು ನೋಡಿ ಇದ್ದಲ್ಲೇ ಒಂದು ಕಲ್ಲಿನ ಮೇಲೆ ಕೂತ.

"ಇದು ಯಾರು ಮಾಮಿತ್?"

"ಅಣ್ಣ."

"ಕೊಂದೆಯಾ?"

"ಇಲ್ಲ ಬಾಯ್ಕೆ. ಬಿಟ್ಟು ಬಂದೆ."

ಅವನು ಹೇಳಿದ್ದನ್ನು ಬುರುಲ್ ಅಲ್ಲೇ ಕೂತು ಬರೆದುಕೊಂಡಳು. ಬರೆಯುವಾಗ ಅವಳ ಪೆನ್ನು ಚಳಿಗೆ ಮೂರು ಸಲ ನಿಂತಿತು. ಒಂಬತ್ತು ವರ್ಷದ ಹಿಂದೆ ಅಣ್ಣತಮ್ಮ ಇಬ್ಬರೂ ತಪ್ಪಿಸಿಕೊಂಡ ಕುದುರೆಮರಿಯನ್ನು ಹುಡುಕಿಕೊಂಡು ಮೇಲೆ ಬಂದಿದ್ದರು. ಅಣ್ಣ ಬಂಡೆ ಬಿಟ್ಟು ಹಿಮದ ಮೇಲೆ ಕಾಲಿಟ್ಟ, ಬಿದ್ದ. ಒಳಗಿನಿಂದ ಕೂಗುತ್ತಿದ್ದ. ಮಾಮಿತನ ಹತ್ತಿರ ಹಗ್ಗವಿರಲಿಲ್ಲ. ಹಗ್ಗ ತರುತ್ತೇನೆಂದು ಕೂಗಿ ಹೇಳಿ ಕುರುಬರ ಗುಡಾರಕ್ಕೆ ಓಡಿದ. ಗುಡಾರದವರು ಕುರಿ ಮೇಯಿಸಲು ಹೋಗಿದ್ದರು. ಅಲ್ಲಿ ಬಿದ್ದಿದ್ದ ಹಗ್ಗವನ್ನು ಹೊತ್ತು ತಿರುಗಿ ಬರುವಷ್ಟರಲ್ಲಿ ಮೋಡ ಇಳಿದು ಹಿಮ ಸುರಿದು ಬಿರುಕುಗಳ ಬಾಯಿ ಮುಚ್ಚಿಹೋಗಿತ್ತು. ಎಲ್ಲ ಕಡೆ ಒಂದೇ ಬಿಳುಪು. ಮಾಮಿತ್ ಕೂಗಿದರೆ ಕೂಗಿದ ದಿಕ್ಕಿನಿಂದಲ್ಲದೆ ಬೇರೆ ಬೇರೆ ದಿಕ್ಕಿನಿಂದ ಉತ್ತರ ಬಂದ ಹಾಗಾಗುತ್ತಿತ್ತು. ಅದು ಅಣ್ಣನ ದನಿಯೋ ಗೋಡೆಯ ಮಾರ್ದನಿಯೋ ತಿಳಿಯಲಿಲ್ಲ. ಕತ್ತಲಾಗುವ ಮುಂಚೆ ಅದೂ ನಿಂತಿತು.

ಆ ವರ್ಷವೇ ಅಪ್ಪ ತೀರಿಕೊಂಡಿದ್ದ. ತಾಯಿ ಹಾಸಿಗೆ ಹಿಡಿದಿದ್ದಳು. ಮನೆಗೆ ಬಂದಾಗ ಅಣ್ಣ ಎಲ್ಲಿ ಎಂದು ಕೇಳಿದಳು.

"ರಷ್ಯಾಕ್ಕೆ ಹೋದ, ನಿನಗೆ ಹೇಳಿದ್ರೆ ಬಿಡಲ್ಲ ಅಂತ ಹೇಳದೆ ಹೋದ ಅಂದುಬಿಟ್ಟೆ," ಎಂದ ಮಾಮಿತ್. "ಎರಡು ದಿನ ಬಿಟ್ಟು ನಿಜ ಹೇಳೋಣ ಅಂತ. ಅಷ್ಟರಲ್ಲಿ ಅವಳು ಎದ್ದು ಕೂತು ಅವನನ್ನ ಬೈಯೋಕೆ ಶುರು ಮಾಡಿದ್ಲು. ಬೈತಾ ಬೈತಾ ಊಟ ಮಾಡಿದ್ಲು. ಆಮೇಲೆ ನನಗೆ ಬಾಯಿ ಬರಲಿಲ್ಲ."

ನೂರೂಜ್ ಹಬ್ಬಕ್ಕೆ ರಷ್ಯಾದಲ್ಲಿದ್ದ ಒಬ್ಬ ಗೆಳೆಯನಿಂದ ಅಣ್ಣನ ಹೆಸರಿನಲ್ಲಿ ಫೋನ್ ಮಾಡಿಸುತ್ತಿದ್ದ. ತಾಯಿಗೆ ಕಿವಿ ಮಂದ. ಗೆಳೆಯ ಎರಡು ಮಾತಾಡಿ ಲೈನು ಸರಿಯಿಲ್ಲ ಎಂದು ಇಡುತ್ತಿದ್ದ. ಅವಳು ಹೆಣೆದು ಕೊಟ್ಟ ಕಾಲುಚೀಲಗಳನ್ನು, ಮೊಸರುಂಡೆಗಳನ್ನು ರಷ್ಯಾಕ್ಕೆ ಹೋಗುವವರ ಕೈಗೆ ಕೊಡುತ್ತೇನೆಂದು ತಂದು, ಅಣ್ಣ ಬಂಡೆ ಬಿಟ್ಟ ಈ ಕಡೆ ಕಲ್ಲುಗಳ ಸಂದಿಯಲ್ಲಿ ಮಾಮಿತ್ ಇಡುತ್ತಿದ್ದ. ಬೇರೆಯವರ ಕಾಲಿಗೆ ಹಾಕಲು ಮನಸ್ಸು ಬಾರದು.

ಈ ವರ್ಷ ಬೇಸಗೆಯ ಮೊದಲಲ್ಲಿ ಬಂದಾಗ ಹಿಮ ಕರಗಿ ಬೂಟು ಹೊರಗೆ ಬಂದಿತ್ತು, ದಾರಿಯ ಪಕ್ಕಕ್ಕೇ. ಕೊಡಲಿಯಿಂದ ಕೊಚ್ಚಿ ತೆಗೆಯಲು ನೋಡಿದ, ಅಣ್ಣನ ಕಾಲಿಗೇ ಏಟು ಬೀಳುತ್ತದೆಂದು ಬಿಟ್ಟ. ಕಲ್ಲು ಒಟ್ಟಿದ, ಕಲ್ಲು ಜಾರಿತು. ಮಂದೆ ಇಳಿಸುವವರು ಇದೇ ದಾರಿಯಲ್ಲಿ ಬರುತ್ತಾರೆ, ಬೂಟು ನೋಡುತ್ತಾರೆ, ಸಂಜೆಯೊಳಗೆ ಸುದ್ದಿ ತಾಯಿಗೆ ಮುಟ್ಟುತ್ತದೆ. ಅದಕ್ಕೇ ದಾರಿಯನ್ನೇ ಆಚೆಗೆ ಸರಿಸಿದ. ನೆಡುವ ಮುಂಚೆ ಕೋಲಿನಿಂದ ಕುಟ್ಟಿ ನೋಡಿದ್ದ. ಆಗ ಹಿಮ ಗಟ್ಟಿಯಾಗಿತ್ತು. ಬೇಸಗೆಯಿಡೀ ಬಿಸಿಲಿಗೆ ಒಳಗೊಳಗೇ ತೆಳುವಾಗುತ್ತದೆಂದು ಗೊತ್ತಿತ್ತು. ಸೆಪ್ಟೆಂಬರಿನಲ್ಲಿ ಮಂದೆ ಬರುವ ಮುಂಚೆ ಹೇಗಾದರೂ ಅಣ್ಣನನ್ನು ತೆಗೆದು ಹೂತು ಕಂಬಗಳನ್ನು ಹಿಂದಕ್ಕೆ ನೆಡುವುದೆಂದುಕೊಂಡಿದ್ದ. ಆದರೆ ಆಚೆ ಕಡೆ ಹಿಮ ಮೊದಲೇ ಬಿತ್ತು.

"ಅಮ್ಮನಿಗೆ ಹೇಳ್ಬೇಡಿ," ಎಂದ ಕೊನೆಗೆ. "ನನ್ನನ್ನ ಏನು ಬೇಕಾದ್ರೂ ಮಾಡಿ. ನಾನೂ ರಷ್ಯಾಕ್ಕೆ ಹೋದೆ ಅಂತ ಹೇಳಿ."

ಕಾಸಿಮಾಲಿ ಅವನ ಮುಖ ನೋಡಿದ. ತಮಾಷೆಗೆ ಹೇಳಿದ್ದಲ್ಲ.

ವೈರ್‌ಲೆಸ್‌ನಲ್ಲಿ ಹೇಳಿಕಳಿಸಿದಂತೆ ಮರುದಿನ ಬೆಳಿಗ್ಗೆ ಊರಿನಿಂದ ಇಬ್ಬರು ಪಂಚರು ಕೊಡಲಿ, ಸುತ್ತಿಗೆ, ಉಣ್ಣೆಕಂಬಳಿ ಹೊತ್ತು ಬಂದರು. ಅವರ ಜೊತೆ ಸೊನುನ್ ಕೂಡ ಕುದುರೆ ಹತ್ತಿ ಬಂದಿದ್ದಳು. ಅವಳ ಉಳಿದರ್ಧ ಮಂದೆ ಆಚೆಯೇ ಇತ್ತು. ಕಾಸಿಮಾಲಿ ದಾರಿ ಮುಚ್ಚಿಸಿದ್ದರಿಂದ ನಾಲ್ಕು ಕುಟುಂಬಗಳು ಹಿಮದಲ್ಲಿ ಕಾಯುತ್ತಿದ್ದವು. ಇನ್ನು ಎರಡು ದಿನ ಕಾದರೆ ಕುರಿಮರಿಗಳು ಉಳಿಯುವುದಿಲ್ಲ ಎಂದು ಒರೊಜಾಲಿ ಬೆಳಿಗ್ಗೆಯೇ ಹೇಳಿದ್ದ.

ನಡೆದದ್ದನ್ನು ಸೊನುನ್‌ಗೆ ಬುರುಲ್ ಹೇಳಿದಳು. ಸೊನುನ್ ಮಾಮಿತನ ಹತ್ತಿರ ಹೋಗಿ ನಿಂತಳು. ಅವನು ತಲೆ ಎತ್ತಲಿಲ್ಲ. ಪಂಚರು ಕೊಡಲಿ ಕೆಳಗಿಟ್ಟು ನೋಡಿದರು. ಹೊಡೆಯುತ್ತಾಳೆಂದೇ ಎಲ್ಲರಿಗೂ ಅನ್ನಿಸಿತು.

"ನಾನು ಹೊರಡು ಅಂದಿದ್ದಕ್ಕೆ ಸತ್ತ ಅಂತ ಆರು ದಿನದಿಂದ ಊಟ ಬಿಟ್ಟಿದೀನಿ," ಎಂದಳು. "ನೀನು ನಮ್ಮನೇಲಿ ಕೂತು ಅವನ ಸಾವಿನ ಊಟ ಉಂಡು ಹೋದೆ."

ಕಾಸಿಮಾಲಿ ಬೇಡಿ ತೆಗೆದ. ಸೊನುನ್ ಅವನ ಕಡೆ ತಿರುಗಿದಳು.

"ಮೊದಲು ಕಂಬ. ಆಮೇಲೆ ಬೇಡಿ. ಬಂಡೆ ಮೇಲಿನ ಗುಂಡಿ ನಿಮಗೂ ಸಿಗುತ್ತೆ. ದಿಣ್ಣೆಗೆ ಹತ್ತೋ ಕಡೆ, ಇಳಿಯೋ ಕಡೆ ಹಿಮದ ಅಂಚಲ್ಲಿ ಯಾವುದು ಗಟ್ಟಿ ಯಾವುದು ಪೊಳ್ಳು ಅಂತ ಇವನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ."

ನಿಯಮದ ಪ್ರಕಾರ ಅದು ಸರಿಯೋ ತಪ್ಪೋ ಕಾಸಿಮಾಲಿಗೆ ಹೊಳೆಯಲಿಲ್ಲ. ಬೇಡಿಯನ್ನು ಜೇಬಿಗೆ ಹಾಕಿದ. ಗೋಡೆ ನೆರಳಿಗೆ ಬಿದ್ದ ಮೇಲೆ ಜುಮಾಶನನ್ನು ಹಿಮದಿಂದ ಬಿಡಿಸಿ ಪಂಚನಾಮೆ ಮಾಡಿದರು. ಮೈಮೇಲೆ ಬಿದ್ದಾಗ ಆದ ಗಾಯವಲ್ಲದೆ ಹೊಡೆದ ಗಾಯ ಕಾಣಲಿಲ್ಲ. ಮುಂದೆ ಶವಪರೀಕ್ಷೆಯೂ ಅದನ್ನೇ ಹೇಳಿತು. ಮೂವತ್ತೈದು ದಾಟದವನ ಮುಖ. ಅದನ್ನು ಬಗ್ಗಿ ನೋಡುತ್ತಿದ್ದ ತಮ್ಮನ ಗಡ್ಡದಲ್ಲಿ ನರೆ ಬಂದಿತ್ತು. ಕಂಬಳಿಯಲ್ಲಿ ಸುತ್ತುವಾಗ ಪಂಚರಲ್ಲೊಬ್ಬ, ಇವರಲ್ಲಿ ದೊಡ್ಡವನು ಯಾರು ಎಂದು ಕೇಳಿ ನಾಲಿಗೆ ಕಚ್ಚಿಕೊಂಡ.

ಆಮೇಲೆ ಕಂಬಗಳನ್ನು ಕಿತ್ತು ತಂದರು. ಮಾಮಿತ್ ಕೋಲಿನಿಂದ ಕುಟ್ಟುತ್ತ ಮುಂದೆ ನಡೆದ. ಅವನು ಸರಿಯೆಂದ ಕಡೆ ಸೊನುನ್ ತಾನೇ ಹೋಗಿ ಕಾಲಿಂದ ತುಳಿದು, ಮೈಭಾರ ಬಿಟ್ಟು ನಿಂತು ನೋಡಿದಳು. ಗಟ್ಟಿ ಎನ್ನಿಸಿದ ಮೇಲೆ ಅವಳು ಕಂಬ ಹಿಡಿದಳು, ಅವನು ಸುತ್ತಿಗೆ ಹೊಡೆದ. ಒಂದು ಕಡೆ ಅವನು ಅವಳ ತೋಳು ಹಿಡಿದು ಹಿಂದಕ್ಕೆಳೆದ. ಅವಳು ಕಾಲಿಡಲಿದ್ದ ಜಾಗದಲ್ಲಿ ಕೋಲು ಇಳಿಸಿದರೆ ಪೂರ್ತಿ ಒಳಗೆ ಹೋಯಿತು. ಅವಳು ತೋಳು ಬಿಡಿಸಿಕೊಂಡು ಮುಂದಿನ ಕಂಬವನ್ನು ಎತ್ತಿಕೊಂಡಳು.

ಕೊನೆಯ ಕಂಬ ನೆಟ್ಟಾಗ ಆಚೆಯ ಇಳಿಜಾರಿನಲ್ಲಿ ಮೊದಲ ಮಂದೆಯ ನಾಯಿಗಳು ಬೊಗಳುವುದು ಕೇಳಿಸಿತು. ಮಾಮಿತ್ ಸುತ್ತಿಗೆಯನ್ನು ಪಂಚರಿಗೆ ಕೊಟ್ಟು, ಕಾಸಿಮಾಲಿಯ ಮುಂದೆ ಬಂದು ಎರಡೂ ಕೈ ಚಾಚಿದ.

ರಸ್ತೆಗೆ ಇಳಿದದ್ದು ಸೆಪ್ಟೆಂಬರ್ ಒಂದರ ಬೆಳಿಗ್ಗೆ. ಬುರುಲ್ ಜೀಪು ಬಿಸಿ ಮಾಡುವಷ್ಟರಲ್ಲಿ ಕಾಸಿಮಾಲಿ ಬಂಧನದ ಕಾಗದ ತುಂಬಿದ. ಜೀವಹಾನಿಗೆ ಕಾರಣವಾದ ನಿರ್ಲಕ್ಷ್ಯ, ಸಾವನ್ನು ಮರೆಮಾಚಿದ್ದು. ಇಷ್ಟು ಬರೆಯಲು ತೊಂದರೆಯಾಗಲಿಲ್ಲ. ಉದ್ದೇಶ ಎಂಬ ಕಡೆ ಬಂದು ನಿಂತ. ಇವನು ಯಾರನ್ನೂ ಕೊಲ್ಲಲು ಬಯಸಿರಲಿಲ್ಲ. ತಾಯಿಯ ಪಾಲಿಗೆ ಒಬ್ಬನನ್ನು ಬದುಕಿಸಿಡಲು ನೋಡಿದ್ದ, ಅಷ್ಟರಲ್ಲಿ ಸೊನುನ್‌ಳ ಗಂಡ ಸತ್ತಿದ್ದ. ಇದನ್ನು ಒಂದು ಸಾಲಿನಲ್ಲಿ ಹೇಗೆ ಬರೆಯುವುದು? ಬಹಳ ಹೊತ್ತು ಯೋಚಿಸಿ, "ತಾಯಿಗೆ ತಿಳಿಯದಿರಲೆಂದು" ಎಂದಷ್ಟೇ ಬರೆದು ರುಜು ಹಾಕಿದ.

ಊರ ಕೊನೆಯ ಮನೆಯ ಮುಂದೆ ಜೀಪು ನಿಲ್ಲಿಸಿದರು. ಸತ್ತವನ ಮನೆಯವರಿಗೆ ತಿಳಿಸಲೇಬೇಕು, ಅದು ಕಾನೂನು. ಕಾಸಿಮಾಲಿ ಒಬ್ಬನೇ ಇಳಿದು ಒಳಗೆ ಹೋದ. ಕಲಿಪಾ ಒಲೆಯ ಹತ್ತಿರ ಕೂತಿದ್ದಳು. ಕಿವಿ ಮಂದವಾದ್ದರಿಂದ ಅವನು ಅವಳ ಪಕ್ಕದಲ್ಲಿ ಕೂತು, ಗಟ್ಟಿಯಾಗಿ, ಒಂದೊಂದೇ ಮಾತಾಗಿ ಹೇಳಬೇಕಾಯಿತು. ಕೆಲವನ್ನು ಎರಡೆರಡು ಸಲ ಹೇಳಬೇಕಾಯಿತು. ಅವನು ಹೇಳಿ ಮುಗಿದ ಮೇಲೂ ಅವಳು ಕುದಿಯುತ್ತಿದ್ದ ಚಹಾವನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಯಿತೋ ಇಲ್ಲವೋ ಎಂದು ಅವನಿಗೆ ಅನುಮಾನವಾಯಿತು.

"ದೊಡ್ಡೋನನ್ನ ಮನೆಗೆ ತಂದ್ರಿ," ಎಂದಳು ಕೊನೆಗೆ. "ಚಿಕ್ಕೋನನ್ನ ಕರ್ಕೊಂಡು ಹೋಗ್ತೀರಿ."

"ಹೌದು ಅಪಾ."

"ಇಬ್ಬರೂ ಒಂದೇ ಗಾಡೀಲಿ ಬಂದ್ರಾ?"

ಠಾಣೆಗೆ ಇದ್ದದ್ದು ಒಂದೇ ಜೀಪು. ಕಾಸಿಮಾಲಿ ಹೌದೆಂದ.

ಮುದುಕಿ ಗೋಡೆ ಹಿಡಿದು ಎದ್ದು ಅಂಗಳಕ್ಕೆ ಬಂದಳು. ಜೀಪಿನ ಹಿಂಬದಿಯಲ್ಲಿ ಉದ್ದಕ್ಕೆ ಮಲಗಿಸಿದ ಕಂಬಳಿಯ ಸುರುಳಿ, ಅದರ ಪಕ್ಕದ ಬೆಂಚಿನಲ್ಲಿ ಮಾಮಿತ್. ಅವನು ಮುಖವನ್ನು ಆಚೆಗೆ ತಿರುಗಿಸಿಕೊಂಡಿದ್ದ. ಅವಳು ಹತ್ತಲು ನೋಡಿದಳು, ಆಗಲಿಲ್ಲ. ಒಂದು ಕೈಯನ್ನು ಕಂಬಳಿಯ ಮೇಲಿಟ್ಟು, ಇನ್ನೊಂದು ಕೈ ಚಾಚಿ ಮಗನ ಬೇಡಿ ಹಾಕಿದ ಕೈಗಳನ್ನು ಹಿಡಿದುಕೊಂಡು ಹಾಗೇ ನಿಂತಳು.

ಬುರುಲ್ ಕಾಸಿಮಾಲಿಯನ್ನು ಕೇಳದೆಯೇ ಎಂಜಿನ್ ಆರಿಸಿದಳು.